ಹೊಂಗೆ ಮರ ಕಡಿಸಿದರೆ ಬೋರ್‌ವೆಲ್‌ಗೆ ನೀರು ಬರುತ್ತಾ?

ಪ್ರಶ್ನೆ: ವಿದ್ಯಾರಣ್ಯಪುರದಲ್ಲಿ ನಮ್ಮದು 40x60 ಸೈಟು. ಮನೆ ಕಟ್ಟುವಾಗ ಕೊರೆಸಿದ ಬೋರ್‌ವೆಲ್ 280 ಅಡಿ. ಅದು ಬತ್ತಿದ ಮೇಲೆ 1,150 ಅಡಿಯ ಇನ್ನೊಂದು ಕೊರೆಸಿದೆವು. ಈಗ ಅದೂ ಅರ್ಧ ಗಂಟೆ ಓಡಿದರೆ ಗಾಳಿ ಉಗುಳುತ್ತದೆ. ಬರುವ ನೀರು ಬೆಳಗಿನ ಜಾವದಲ್ಲೂ ಉಗುರುಬೆಚ್ಚಗಿರುತ್ತದೆ. ಬೋರ್‌ನಿಂದ ಹತ್ತಡಿ ದೂರದಲ್ಲಿ ನಾವೇ ನೆಟ್ಟ ಹೊಂಗೆ ಮರ ಇದೆ, 25 ವರ್ಷದ್ದು. ಆರು ವರ್ಷದ ಹಿಂದೆ ಅಂಗಳಕ್ಕೆಲ್ಲ ಕಾಂಕ್ರೀಟ್ ಹಾಕಿ ಟೈಲ್ಸ್ ಕೂರಿಸಿದೆವು. ಈಚೆಗೆ ಮರದ ತುದಿ ಕೊಂಬೆಗಳು ಒಣಗುತ್ತಿವೆ. ಪಾಯಿಂಟ್ ನೋಡಲು ಬಂದವರು ತೆಂಗಿನಕಾಯಿ ಹಿಡಿದು ಓಡಾಡಿ, 'ನಿಮ್ಮ ನೀರನ್ನೆಲ್ಲ ಈ ಮರವೇ ಎಳೀತಿದೆ. ಮೊದಲು ಇದನ್ನ ತೆಗೆಸಿ, ಆಮೇಲೆ ಆ ಮೂಲೆಯಲ್ಲಿ 1,500 ಅಡಿ ಹೊಡೆಸಿ' ಅಂದರು. ಬೆಚ್ಚನೆ ನೀರು ಬಂತು ಅಂದರೆ ಭೂಮಿ ಒಳಗೆ ಕಾದಿದೆ, ಇನ್ನು ನೀರು ಮುಗಿದಂತೆ ಅನ್ನುತ್ತಾರೆ ಪಕ್ಕದ ಮನೆಯವರು. ಮರ ಮುಟ್ಟಬಾರದು ಅಂತ ಮಗಳ ಹಟ. ಕಾವೇರಿ ನೀರು ವಾರಕ್ಕೆ ಎರಡು ದಿನ ಬರುತ್ತದೆ, ಸಾಲುವುದಿಲ್ಲ. ಏನು ಮಾಡಲಿ? ಮರಕ್ಕೆ ಆರ್‌ಒ ಮಷಿನ್‌ನ ವೇಸ್ಟ್ ನೀರು ಹಾಕಬಹುದಾ?

ಉತ್ತರ: ನೀವು ಕೇಳಿರುವುದು ಮುಖ್ಯವಾಗಿ ಮೂರು. ಮರ ಬೋರ್‌ವೆಲ್ ನೀರನ್ನು ಕುಡಿಯುತ್ತಿದೆಯಾ? ನೀರು ಬೆಚ್ಚಗೆ ಬರುವುದು ಕೆಟ್ಟ ಸೂಚನೆಯಾ? ಇನ್ನೂ ಆಳಕ್ಕೆ ಹೋದರೆ ನೀರು ಸಿಗುತ್ತಾ? ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಇಲ್ಲ, ಅಲ್ಲ, ಬಹುಶಃ ಇಲ್ಲ. ಮಗಳ ಮಾತು ಕೇಳಿ. ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ಮರಕ್ಕೂ ಮಾಡಬೇಡಿ, ಹೊಸ ಬೋರ್‌ಗೂ ಮಾಡಬೇಡಿ. ಅಂಗಳದ ಕಾಂಕ್ರೀಟ್ ಒಡೆಸುವುದಕ್ಕೆ ಮಾಡಿ. ಯಾಕೆ ಅಂತ ಈಗ ನಿಧಾನವಾಗಿ ನೋಡೋಣ.

ನಿಮ್ಮ ಮನೆಯ ಕೆಳಗೆ ಏನಿದೆ ಅನ್ನುವುದರಿಂದ ಶುರು ಮಾಡುತ್ತೇನೆ. ಲಾಲ್‌ಬಾಗ್ ಗುಡ್ಡದ ಮೇಲೆ ಕೂತು ಕಡಲೆಕಾಯಿ ತಿಂದಿದ್ದೀರಲ್ಲ, ಸುಮಾರು 300 ಕೋಟಿ ವರ್ಷ ಹಳೆಯದಾದ ಆ ಬಂಡೆಯ ಬಳಗವೇ ಬೆಂಗಳೂರಿನ ಬಹುಪಾಲು ನೆಲದ ಕೆಳಗಿದೆ. ಭೂವಿಜ್ಞಾನಿಗಳು ಅದನ್ನು ಪೆನಿನ್ಸುಲರ್ ನೈಸ್ ಅನ್ನುತ್ತಾರೆ. ಮೇಲೆ ಕೆಂಪು ಮಣ್ಣು. ಅದರ ಕೆಳಗೆ ಬಾವಿ ತೋಡುವವರು ಗರಸು ಅನ್ನುವ ಪದರ, ಅಂದರೆ ಕೊಳೆತು ಪುಡಿಯಾಗುತ್ತಿರುವ ಬಂಡೆ. ಅದರ ಕೆಳಗೆ ಬಿರುಕು ಬಿಟ್ಟ ಬಂಡೆ. ಆಮೇಲೆ ಗಟ್ಟಿ ಬಂಡೆ. ಈ ಗಟ್ಟಿ ಬಂಡೆಗೆ ನೀರು ಹಿಡಿದಿಡುವ ಶಕ್ತಿ ಇಲ್ಲ. ಅಲ್ಲಿ ನೀರಿದ್ದರೆ ಅದು ಬಿರುಕಿನಲ್ಲಿ ಮಾತ್ರ. ರಿಗ್‌ನವರು 'ಗ್ಯಾಪ್ ಸಿಕ್ತು ಸಾರ್' ಅನ್ನುವುದು ಅದಕ್ಕೇ. ಕೆಳಗೆ ಹೋದಷ್ಟೂ ಗ್ಯಾಪ್ ಕಡಿಮೆ, ಸಿಕ್ಕರೂ ಸಣ್ಣದು.

ನಿಮ್ಮ ಹಳೆಯ 280 ಅಡಿಯ ಬೋರ್ ಮೇಲಿನ ಪದರ ಮತ್ತು ಮೊದಲ ಬಿರುಕುಗಳಿಂದ ನೀರು ತೆಗೆದುಕೊಳ್ಳುತ್ತಿತ್ತು. ಮಳೆ ಬಂದರೆ ಅದಕ್ಕೆ ಕೆಲವು ವಾರಗಳಲ್ಲೇ ಗೊತ್ತಾಗುತ್ತಿತ್ತು. ಹೊಸ ಬೋರ್ ಹಾಗಲ್ಲ. ಅದರ ಮೇಲ್ಭಾಗಕ್ಕೆ ಗಟ್ಟಿ ಬಂಡೆ ಸಿಗುವವರೆಗೂ ಕೇಸಿಂಗ್ ಪೈಪ್ ಇಳಿಸಿರುತ್ತಾರೆ, ಹಾಗಾಗಿ ಮೇಲಿನ ಪದರದ ನೀರು ಅದಕ್ಕೆ ನೇರವಾಗಿ ಬರುವುದೇ ಇಲ್ಲ. ಎಲ್ಲೋ 700 ಅಡಿಯಲ್ಲೋ 900 ಅಡಿಯಲ್ಲೋ ಇರುವ ಒಂದೆರಡು ಬಿರುಕುಗಳನ್ನು ನಂಬಿಕೊಂಡು ಅದು ಓಡುತ್ತಿದೆ. ಅದೇ ಬಿರುಕಿನ ಮೇಲೆ ನಿಮ್ಮ ಬೀದಿಯ ಇನ್ನೂ ಹತ್ತಾರು ಬೋರ್‌ಗಳು ಕಣ್ಣಿಟ್ಟಿರುತ್ತವೆ.

ಈಗ ಮರದ ವಿಷಯ. ಹೊಂಗೆಯದು ಗಟ್ಟಿ ತಾಯಿಬೇರು, ಒಪ್ಪಿದೆ. ಮಣ್ಣು ಆಳವಾಗಿದ್ದರೆ ಹತ್ತಾರು ಅಡಿ ಇಳಿಯಬಲ್ಲದು. ಆದರೆ ನೀರು ಹೀರುವ ಸಣ್ಣ ಬೇರುಗಳಲ್ಲಿ ಬಹುಪಾಲು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ ಇರುತ್ತವೆ. ಪ್ರಪಂಚದಲ್ಲಿ ಇದುವರೆಗೆ ದಾಖಲಾದ ಅತಿ ಆಳದ ಬೇರು ಆಫ್ರಿಕಾದ ಕಲಹಾರಿ ಮರುಭೂಮಿಯ ಒಂದು ಮರದ್ದು. ಅದೂ 68 ಮೀಟರ್, ಅಂದರೆ ಸುಮಾರು 223 ಅಡಿ. ನಿಮ್ಮ ಪಂಪು ಕೂತಿರುವುದು ಅದರ ನಾಲ್ಕೈದು ಪಟ್ಟು ಆಳದಲ್ಲಿ. ಮರ ಅಲ್ಲಿಂದ ನೀರು ಎಳೆಯುತ್ತಿದೆ ಅನ್ನುವುದು ಸುಮ್ನೆ ಮಾತು.

ಇದನ್ನು ಬೇರು ಅಳೆಯದೆಯೂ ಪರೀಕ್ಷೆ ಮಾಡಬಹುದು. ನೀರಿನಲ್ಲಿ ಸ್ವಲ್ಪ ಭಾರದ ಹೈಡ್ರೋಜನ್ ಮತ್ತು ಆಕ್ಸಿಜನ್ ಪರಮಾಣುಗಳು ಬೆರೆತಿರುತ್ತವೆ. ಮಣ್ಣಿನಲ್ಲಿ ನಿಂತು ಆವಿಯಾಗುವ ನೀರಿನಲ್ಲಿ ಅವುಗಳ ಪ್ರಮಾಣ ಒಂದು ಥರ, ಇಂಗಿ ಹೋದ ಅಂತರ್ಜಲದಲ್ಲಿ ಇನ್ನೊಂದು ಥರ. ಕಾಂಡದೊಳಗಿನ ನೀರನ್ನು ತೆಗೆದು ಹೋಲಿಸಿದರೆ ಮರ ಎಲ್ಲಿಯ ನೀರು ಕುಡಿದಿದೆ ಅಂತ ಅಂದಾಜು ಸಿಗುತ್ತದೆ. 2010ರಲ್ಲಿ ಅಮೆರಿಕದ ಆರೆಗಾನ್‌ನ ಕಾಡಿನಲ್ಲಿ ಹೀಗೆ ನೋಡಿದಾಗ, ಮರಗಳು ಬಳಸಿದ್ದು ಮಣ್ಣಿನ ಕಣಗಳು ಬಿಗಿಯಾಗಿ ಹಿಡಿದಿಟ್ಟ ನೀರು, ತೊರೆಗೆ ಹರಿದದ್ದು ಬೇರೆ ನೀರು ಅಂತ ಕಂಡಿತು. 2015ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಪ್ರಪಂಚದ ಹಲವು ಕಡೆಯ ಮಾಹಿತಿ ಸೇರಿಸಿ ಇದೇ ಮಾತು ಹೇಳಿತು. ನೀರನ್ನು ಹೊರತೆಗೆಯುವ ವಿಧಾನದಲ್ಲೇ ಲೆಕ್ಕ ಸ್ವಲ್ಪ ವಾಲುತ್ತದೆ ಅಂತ 2020ರ ನಂತರ ತಕರಾರೂ ಬಂದಿದೆ, ಜಗಳ ಇನ್ನೂ ನಡೆಯುತ್ತಿದೆ. ಆದರೆ ಆ ಜಗಳ ಮೇಲಿನ ಕೆಲವು ಮೀಟರ್‌ಗಳ ಬಗ್ಗೆ. ಸಾವಿರ ಅಡಿಯ ಬಗ್ಗೆ ಯಾರಿಗೂ ಅನುಮಾನ ಇಲ್ಲ.

'ಹಾಗಾದರೆ ನೀಲಗಿರಿ?' ಅಂತ ನೀವು ಕೇಳಬಹುದು. ಕೇಳಲೇಬೇಕು. ಮರ ನೀರು ಬತ್ತಿಸುತ್ತದೆ ಅನ್ನುವ ಮಾತು ನಮ್ಮ ಕಡೆ ಹುಟ್ಟಿದ್ದೇ ಅಲ್ಲಿಂದ, ಅದರಲ್ಲಿ ಹುರುಳೂ ಇದೆ. ಇಲ್ಲೇ ಹೊಸಕೋಟೆ ಹತ್ತಿರ ರೈತರ ಹೊಲದ ನೀಲಗಿರಿ ತೋಪಿನಲ್ಲಿ ಅಳತೆ ಮಾಡಿದ್ದರು, 1997ರಲ್ಲಿ ಪ್ರಕಟವಾಯಿತು. ಮಳೆ ಕಡಿಮೆ ಇದ್ದ ಮೂರು ವರ್ಷಗಳಲ್ಲಿ ಅಲ್ಲಿ ಬಿದ್ದ ಮಳೆ ಒಟ್ಟು 2,100 ಮಿಲಿಮೀಟರ್. ತೋಪು ಆವಿ ಮಾಡಿದ್ದು ಸುಮಾರು 3,400 ಮಿಲಿಮೀಟರ್ ಅಂತ ಲೆಕ್ಕ ಬಂತು. ಮಿಕ್ಕಿದ್ದು ಎಲ್ಲಿಂದ ಬಂತು? ಎಂಟು ಮೀಟರ್‌ಗೂ ಜಾಸ್ತಿ ಆಳದ ಮಣ್ಣಿನಲ್ಲಿ ಹಿಂದಿನ ವರ್ಷಗಳಿಂದ ಉಳಿದಿದ್ದ ತೇವದಿಂದ. ಎಳೆ ಮರದ ಬೇರು ವರ್ಷಕ್ಕೆ ಎರಡೂವರೆ ಮೀಟರ್ ವೇಗದಲ್ಲಿ ಇಳಿಯುತ್ತಾ ಆ ಉಳಿತಾಯವನ್ನು ಖಾಲಿ ಮಾಡಿತ್ತು. ಕುತೂಹಲದ ವಿಷಯ ಅಂದರೆ, ಮಣ್ಣು ಮೂರು ಮೀಟರ್ ಮಾತ್ರ ಇದ್ದ ಇನ್ನೊಂದು ಕಡೆ ಅದೇ ನೀಲಗಿರಿ ನಮ್ಮ ಸ್ಥಳೀಯ ಕಾಡಿಗಿಂತ ಜಾಸ್ತಿ ನೀರು ಬಳಸಿರಲಿಲ್ಲ. ರಾಗಿ ಹೊಲದ ಎರಡರಷ್ಟು ಬಳಸಿತ್ತು, ಅಷ್ಟೆ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಲ್ಲಿಸಿದ್ದರ ಹಿಂದೆ ಇಂಥ ಅನುಭವ ಇದೆ.

ಅಂದರೆ ಮರ ನೀರು ಬಳಸುವುದು ನಿಜ. ಎಕರೆಗಟ್ಟಲೆ, ಒತ್ತೊತ್ತಾಗಿ, ಒಂದೇ ಜಾತಿ ನೆಟ್ಟರೆ ಮೇಲಿನ ಪದರದ ತೇವ ಕೆಳಗಿಳಿಯಲು ಬಿಡುವುದಿಲ್ಲ. ನಿಮ್ಮದು ಒಂದೇ ಒಂದು ಮರ. ಅದರ ನೆರಳಿಗೆ ಬೀಳುವ ಮಳೆ ಎಷ್ಟು ನೋಡಿ. ಹರವು 50 ಚದರ ಮೀಟರ್ ಅಂತಿಟ್ಟುಕೊಳ್ಳಿ. ಬೆಂಗಳೂರಿನ ಸರಾಸರಿ ಮಳೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್. ಹತ್ತಿರ ಹತ್ತಿರ 48 ಸಾವಿರ ಲೀಟರ್. ಇದರಲ್ಲಿ ಮರ ತನ್ನ ಪಾಲು ಕುಡಿದರೂ, ಮಣ್ಣು ತೆರೆದಿದ್ದರೆ ಸ್ವಲ್ಪ ಕೆಳಗೆ ಇಂಗುತ್ತದೆ. ಈಗ ನಿಮ್ಮ ಅಂಗಳದಲ್ಲಿ ಮರ ಕುಡಿಯುವುದಕ್ಕೂ ಇಲ್ಲ, ಇಂಗುವುದಕ್ಕೂ ಇಲ್ಲ. ಅಷ್ಟೂ ನೀರು ಟೈಲ್ಸ್ ಮೇಲೆ ಜಾರಿ ಗೇಟಿನಿಂದಾಚೆ ಚರಂಡಿಗೆ. ಮರ ಕಡಿಸಿ ಆ ಜಾಗಕ್ಕೂ ಟೈಲ್ಸ್ ಹಾಕಿಸಿದರೆ ಉಳಿಯುವ ನೀರು ಎಷ್ಟು ಹೇಳಿ? ಒಂದು ತೊಟ್ಟೂ ಇಲ್ಲ.

ಬೇರಿನ ಇನ್ನೊಂದು ಕೆಲಸವನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೇರು ಬೆಳೆದು ಸತ್ತ ಜಾಗದಲ್ಲಿ ಕೊಳವೆಯಂಥ ಸಂದು ಉಳಿಯುತ್ತದೆ. ಎಲೆ ಕೊಳೆತ ಜಾಗದಲ್ಲಿ ಎರೆಹುಳು, ಗೆದ್ದಲು ಓಡಾಡುತ್ತವೆ. ಮಳೆ ನೀರು ಆ ದಾರಿಗಳಲ್ಲಿ ಬೇಗ ಕೆಳಗಿಳಿಯುತ್ತದೆ. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಅಳೆದಿದೆ. ನಮ್ಮ ಥರವೇ ಬೇಸಿಗೆ, ಮಳೆಗಾಲ ಬೇರೆ ಬೇರೆ ಇರುವ ಊರು ಅದು. ಮರವೇ ಇಲ್ಲದ ಬಯಲಿಗಿಂತಲೂ, ಒತ್ತಾಗಿ ಮರ ಇರುವ ಕಡೆಗಿಂತಲೂ, ಅಲ್ಲೊಂದು ಇಲ್ಲೊಂದು ಮರ ಇರುವ ಕಡೆ ಅಂತರ್ಜಲಕ್ಕೆ ಇಂಗಿದ ನೀರು ಜಾಸ್ತಿ. ನಮ್ಮ ಹಳೆಯ ಬಡಾವಣೆಗಳ ಮನೆಗೊಂದು ಮರ ಅನ್ನುವ ಲೆಕ್ಕ ಇದಕ್ಕೆ ಹತ್ತಿರವೇ ಅಲ್ವಾ? ಮಣ್ಣು ತೆರೆದಿರಬೇಕು, ಅದೊಂದೇ ಷರತ್ತು.

ಇನ್ನು ಬೆಚ್ಚನೆ ನೀರು. ಇದು ನನಗೆ ಇಷ್ಟದ ಪ್ರಶ್ನೆ, ಯಾಕೆಂದರೆ ಉತ್ತರಕ್ಕೆ ಕೋಲಾರದವರೆಗೆ ಹೋಗಬೇಕು. ಮೇಲಿನ ಹಗಲು ರಾತ್ರಿಯ ಬಿಸಿ ಮಣ್ಣಿನಲ್ಲಿ ಒಂದು ಗೇಣು ಇಳಿಯುವಷ್ಟರಲ್ಲಿ ಬಹುಪಾಲು ಸತ್ತುಹೋಗುತ್ತದೆ. ಬೇಸಿಗೆ ಚಳಿಗಾಲದ ಏರಿಳಿತ ಇನ್ನೂ ಕೆಳಗೆ ಹೋಗುತ್ತದೆ, ಆದರೆ 30–40 ಅಡಿ ದಾಟಿದರೆ ಅದೂ ತಿಳಿಯುವುದಿಲ್ಲ. ಅಲ್ಲಿಂದ ಕೆಳಗೆ ವರ್ಷವಿಡೀ ಒಂದೇ ಉಷ್ಣತೆ, ಊರಿನ ವಾರ್ಷಿಕ ಸರಾಸರಿಗಿಂತ ಚೂರು ಜಾಸ್ತಿ. ಬೆಂಗಳೂರಿಗೆ 25 ಡಿಗ್ರಿ ಆಸುಪಾಸು ಅನ್ನಿ. ಅಲ್ಲಿಂದ ಕೆಳಗೆ ಬಿಸಿ ಏರುವುದು ಭೂಮಿಯ ಒಡಲಿನ ಶಾಖದಿಂದ. ನಮ್ಮ ಬಂಡೆ ತುಂಬಾ ಹಳೆಯದು, ತಣ್ಣಗಾಗಿದೆ. ಕೋಲಾರದ ಚಿನ್ನದ ಗಣಿಯಲ್ಲಿ ಮೂರು ಕಿಲೋಮೀಟರ್‌ಗೂ ಕೆಳಗೆ ಹೋದರೂ ಬಂಡೆಯ ಉಷ್ಣತೆ 65 ಡಿಗ್ರಿ ಆಸುಪಾಸಿನಲ್ಲಿತ್ತು. ಅಂದರೆ ಕಿಲೋಮೀಟರ್‌ಗೆ ಹತ್ತು ಹದಿನೈದು ಡಿಗ್ರಿ ಏರಿಕೆ. ಪ್ರಪಂಚದ ಬಹಳ ಕಡೆ ಇದರ ಎರಡು ಪಟ್ಟು ಇರುತ್ತದೆ.

ನಿಮ್ಮ 1,150 ಅಡಿ ಅಂದರೆ 350 ಮೀಟರ್. ಏರಿಕೆ ನಾಲ್ಕೈದು ಡಿಗ್ರಿ. ನೀರು 29–30 ಡಿಗ್ರಿಗೆ ಬಂತು. ಇದಕ್ಕೆ ಪಂಪಿನ ಬಿಸಿ ಸೇರಿಸಿ. ನೀರು ಸಣ್ಣಗೆ ಬರುವಾಗ ಮೋಟರ್ ಬಿಡುವ ಶಾಖವೆಲ್ಲ ಆ ಕಡಿಮೆ ನೀರಿಗೇ ಹೋಗುತ್ತದೆ, ಇನ್ನೊಂದೆರಡು ಡಿಗ್ರಿ ಏರುತ್ತದೆ. ಜನವರಿಯ ಬೆಳಿಗ್ಗೆ ಹೊರಗೆ 16 ಡಿಗ್ರಿ ಇದ್ದಾಗ 31 ಡಿಗ್ರಿಯ ನೀರಿಗೆ ಕೈ ಇಟ್ಟರೆ ಬೆಚ್ಚಗೆ ಅನ್ನಿಸದೆ ಇನ್ನೇನು? 280 ಅಡಿಯ ಬೋರ್‌ನಲ್ಲಿ ಈ ಏರಿಕೆ ಒಂದು ಡಿಗ್ರಿ ಮಾತ್ರ ಇತ್ತು, ಅದಕ್ಕೇ ಆ ನೀರು ನಿಮಗೆ ತಣ್ಣಗಿತ್ತು. ಭೂಮಿ ಹೊಸದಾಗಿ ಕಾದಿದ್ದಲ್ಲ, ನೀವು ಬಿಸಿ ಇರುವಲ್ಲಿಗೆ ಇಳಿದಿದ್ದೀರಿ.

ಪಕ್ಕದ ಮನೆಯವರ ಮಾತನ್ನು ಪೂರ್ತಿ ತಳ್ಳಿಹಾಕಲೂ ಆಗುವುದಿಲ್ಲ. ಅಂತರ್ಜಲ ಕಾಯುತ್ತಿದೆ ಅನ್ನುವುದು ನಿಜವೇ. 2024ರಲ್ಲಿ ನೇಚರ್ ಜಿಯೋಸೈನ್ಸ್ ಪತ್ರಿಕೆಯಲ್ಲಿ ಬಂದ ಜಾಗತಿಕ ಲೆಕ್ಕದ ಪ್ರಕಾರ, ಇಂಗಾಲದ ಹೊಗೆ ಮಧ್ಯಮ ಮಟ್ಟದಲ್ಲಿ ಮುಂದುವರಿದರೆ 2000ದಿಂದ 2100ರ ನಡುವೆ ನೀರಿನ ಮಟ್ಟದ ಹತ್ತಿರದ ಅಂತರ್ಜಲ ಸರಾಸರಿ 2.1 ಡಿಗ್ರಿ ಬಿಸಿಯಾಗುತ್ತದೆ. ಆದರೆ ಇದು ಮೇಲಿನಿಂದ ಇಳಿಯುವ ಬಿಸಿ, ನಿಧಾನವಾಗಿ ಇಳಿಯುವ ಬಿಸಿ. ನಿಮ್ಮ ಸಾವಿರ ಅಡಿಯ ನೀರಿಗೆ ಅದು ಇನ್ನೂ ಮುಟ್ಟಿಲ್ಲ. ಮೊದಲು ಮುಟ್ಟುವುದು ಮೇಲಿನ ಪದರಕ್ಕೆ. ಕಾಂಕ್ರೀಟು, ಡಾಂಬರು, ಒಳಚರಂಡಿ ಎಲ್ಲ ಸೇರಿ ಊರುಗಳ ಕೆಳಗೆ ಆ ಪದರವನ್ನು ಇನ್ನಷ್ಟು ಕಾಯಿಸುತ್ತವೆ.

ಬಿಸಿಗಿಂತ ನೀವು ತಲೆ ಕೆಡಿಸಿಕೊಳ್ಳಬೇಕಾದ್ದು ಆ ನೀರಿನಲ್ಲಿ ಏನಿದೆ ಅನ್ನುವುದರ ಬಗ್ಗೆ. ಬಹಳ ಕಾಲ ಬಂಡೆಯ ಬಿರುಕಿನಲ್ಲಿ ಕೂತ ನೀರಿಗೆ ಬಂಡೆಯಿಂದ ಫ್ಲೋರೈಡ್ ಬಿಡುತ್ತದೆ, ಕೆಲವು ಕಡೆ ಯುರೇನಿಯಂ ಕೂಡ. ಕುಡಿಯುವುದಕ್ಕೆ ಬಳಸುತ್ತಿದ್ದರೆ ಲ್ಯಾಬ್‌ನಲ್ಲಿ ಈ ಎರಡನ್ನೂ, ಜೊತೆಗೆ ನೈಟ್ರೇಟ್ ಮತ್ತು ಕೋಲಿಫಾರ್ಮ್ (ಕೊಳಚೆ ಸೇರಿದ್ದನ್ನು ತೋರಿಸುವ ಬ್ಯಾಕ್ಟೀರಿಯಾ) ಅನ್ನೂ ನೋಡಿಸಿ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 1.5. ನೈಟ್ರೇಟ್ 45 ದಾಟಬಾರದು. ನೀರಿನಲ್ಲಿ ಕರಗಿದ ಒಟ್ಟು ಲವಣವನ್ನಷ್ಟೇ ಹೇಳುವ ಟಿಡಿಎಸ್ ಮೀಟರ್ ಅದ್ದಿ ನೋಡಿ 'ಚೆನ್ನಾಗಿದೆ' ಅನ್ನುವವರನ್ನು ನಂಬಬೇಡಿ, ಅದರಲ್ಲಿ ಇದ್ಯಾವುದೂ ಗೊತ್ತಾಗುವುದಿಲ್ಲ.

ಮರ ಒಣಗುತ್ತಿರುವುದು ಯಾಕೆ ಅಂತ ನೋಡೋಣ. ಮೊದಲು ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ. ಹೊಂಗೆ ಬೇಸಿಗೆಯ ಆರಂಭದಲ್ಲಿ ಎಲೆ ಉದುರಿಸಿ ಯುಗಾದಿ ಹೊತ್ತಿಗೆ ಚಿಗುರುವ ಮರ, ಅದನ್ನು ರೋಗ ಅಂದುಕೊಳ್ಳಬೇಡಿ. ಎಲೆ ಮೇಲೆ ಗುಳ್ಳೆ ಗುಳ್ಳೆ ಎದ್ದಿದ್ದರೂ ಹೆದರಬೇಡಿ, ಅದು ಕಣ್ಣಿಗೆ ಕಾಣದ ನುಸಿಯ ಕೆಲಸ, ಮರ ಸಾಯುವುದಿಲ್ಲ. ಒಣಗಿದಂತೆ ಕಾಣುವ ಕಡ್ಡಿಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರು ಇದ್ದರೆ ಜೀವ ಇದೆ. ಕಂದು ಬಣ್ಣ, ಪಟ್ ಅಂತ ಮುರಿದರೆ ಸತ್ತಿದೆ. ತುದಿಯಿಂದ ಬುಡದ ಕಡೆಗೆ ಕೆರೆಯುತ್ತಾ ಬನ್ನಿ, ಹಸಿರು ಎಲ್ಲಿಂದ ಶುರು ಅನ್ನುವುದರ ಮೇಲೆ ಮರ ಎಷ್ಟು ಬಳಲಿದೆ ಅಂತ ಗೊತ್ತಾಗುತ್ತದೆ.

ತುದಿಯಿಂದ ಸಾಯುತ್ತಿದೆ ಅಂದರೆ ಬೇರು ಕಷ್ಟದಲ್ಲಿದೆ ಅಂತ ಅರ್ಥ. ಆರು ವರ್ಷದ ಹಿಂದೆ ನೀವು ಹಾಕಿಸಿದ ಕಾಂಕ್ರೀಟ್ ಮೂರು ಕೆಲಸ ಮಾಡಿದೆ. ನೀರು ನಿಲ್ಲಿಸಿತು. ಗಾಳಿ ನಿಲ್ಲಿಸಿತು. ಬೇರಿಗೂ ಉಸಿರಾಡಲು ಆಕ್ಸಿಜನ್ ಬೇಕು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಮೂರನೆಯದು ಶಾಖ. ಏಪ್ರಿಲ್ ಮಧ್ಯಾಹ್ನ ಬಿಸಿಲಿಗೆ ಬಿದ್ದ ಟೈಲ್ಸ್ ಮೇಲೆ ಬರಿಗಾಲಿಡಲು ಆಗುವುದಿಲ್ಲವಲ್ಲ, ಆ ಬಿಸಿ ತೆಳು ಕಾಂಕ್ರೀಟ್ ದಾಟಿ ಸಣ್ಣ ಬೇರುಗಳಿರುವ ಮೊದಲ ಗೇಣಿಗೇ ಇಳಿಯುತ್ತದೆ. ಒದ್ದೆ ಮಣ್ಣಾಗಿದ್ದರೆ ಶಾಖದ ದೊಡ್ಡ ಪಾಲು ನೀರನ್ನು ಆವಿ ಮಾಡುವುದರಲ್ಲಿ ಖರ್ಚಾಗುತ್ತಿತ್ತು. ಕಾಂಕ್ರೀಟ್‌ನಲ್ಲಿ ಆವಿ ಆಗಲು ಏನೂ ಇಲ್ಲ, ಹಾಗಾಗಿ ಅಷ್ಟೂ ಶಾಖ ನೆಲ ಮತ್ತು ಗಾಳಿ ಕಾಯಿಸುತ್ತದೆ.

ಇದೇ ಹೊತ್ತಿಗೆ ಮೇಲಿನಿಂದ ಎಲೆಗಳ ಬೇಡಿಕೆ ಏರುತ್ತದೆ. ಗಾಳಿ 27 ಡಿಗ್ರಿ, ಶೇ 60 ತೇವ ಇದ್ದಾಗ ಅದು ಎಲೆಯಿಂದ ನೀರನ್ನು ಎಳೆಯುವ ಬಲ ಒಂದಿದ್ದರೆ, 37 ಡಿಗ್ರಿ, ಶೇ 20 ತೇವ ಇದ್ದಾಗ ಮೂರು ಪಟ್ಟಿಗಿಂತ ಜಾಸ್ತಿ. 2024ರ ಏಪ್ರಿಲ್ ಕೊನೆಯಲ್ಲಿ ಬೆಂಗಳೂರು 38.5 ಡಿಗ್ರಿ ಕಂಡಿತು, 2016ರಲ್ಲಿ 39.2. ಅಂಥ ದಿನ ಬೇರು ಕೊಡದಷ್ಟು ನೀರನ್ನು ಎಲೆ ಕೇಳಿದರೆ ಕಾಂಡದೊಳಗಿನ ನೀರಿನ ಎಳೆ ತುಂಡಾಗಿ ಗಾಳಿಗುಳ್ಳೆ ಸೇರುತ್ತದೆ. ಆ ನಾಳ ಮತ್ತೆ ಕೆಲಸಕ್ಕೆ ಬರುವುದು ಕಷ್ಟ. ಬೇರಿಗೆ ಅತಿ ದೂರ ಇರುವುದು ತುದಿ ಕೊಂಬೆ, ಅದೇ ಮೊದಲು ಹೋಗುತ್ತದೆ. ಇದನ್ನು ತಪ್ಪಿಸಿಕೊಳ್ಳಲು ಮರ ಎಲೆಯ ರಂಧ್ರ ಮುಚ್ಚಿದರೆ ಎಲೆ ಕಾಯುತ್ತದೆ. ಉಷ್ಣವಲಯದ ಮರಗಳ ಎಲೆಯಲ್ಲಿ ದ್ಯುತಿಸಂಶ್ಲೇಷಣೆ ಕೆಡುವ ಮಟ್ಟ ಸರಾಸರಿ 46.7 ಡಿಗ್ರಿ ಅಂತ 2023ರ ಒಂದು ಅಧ್ಯಯನ ಬಳಸಿದ ಲೆಕ್ಕ. ಕಾಡಿನಲ್ಲಿ ಅದನ್ನು ಮುಟ್ಟುವ ಎಲೆ ತೀರಾ ಕಡಿಮೆ. ಸುತ್ತ ಕಾದ ಗೋಡೆ, ಕೆಳಗೆ ಕಾದ ನೆಲ ಇರುವ ನಿಮ್ಮ ಅಂಗಳದ ಬಿಸಿಲಿನ ಎಲೆಗೆ ಆ ಭಾಗ್ಯ ಇಲ್ಲ.

ಮರ ಹೋದರೆ ನೀವು ಕಳೆದುಕೊಳ್ಳುವುದು ಏನು ಅಂತಲೂ ತಿಳಿದಿರಲಿ. ಬೆಂಗಳೂರಿನದೇ ಅಳತೆ ಇದೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರ ತಂಡ ಸಾಲುಮರ ಇರುವ, ಇಲ್ಲದ ರಸ್ತೆಗಳನ್ನು ಜೋಡಿ ಮಾಡಿ ನೋಡಿತು, 2013ರಲ್ಲಿ ಪ್ರಕಟಿಸಿತು. ಮಧ್ಯಾಹ್ನದ ಹೊತ್ತು ಮರ ಇರುವ ಕಡೆ ಗಾಳಿ 5.6 ಡಿಗ್ರಿಯವರೆಗೂ ತಂಪು. ರಸ್ತೆಯ ಮೇಲ್ಮೈಯಲ್ಲಿ ವ್ಯತ್ಯಾಸ 27.5 ಡಿಗ್ರಿಯವರೆಗೂ ಹೋಯಿತು. ನೆರಳಿನ ಕೆಲಸ ಒಂದು, ಆವಿಯ ಕೆಲಸ ಇನ್ನೊಂದು. ನೀರು ಸಿಕ್ಕ ದೊಡ್ಡ ಮರ ದಿನಕ್ಕೆ 100 ಲೀಟರ್ ಆವಿ ಮಾಡಿತು ಅಂತಿಟ್ಟುಕೊಳ್ಳಿ. ಅದಕ್ಕೆ ಬೇಕಾದ ಶಾಖ 68 ಯೂನಿಟ್. ಒಂದೂವರೆ ಟನ್ ಎಸಿ ಹದಿಮೂರು ಗಂಟೆ ಓಡಿದರೆ ಹೊರಹಾಕುವಷ್ಟು. ಗಾಳಿ ಬೀಸಿ ಆ ತಂಪು ಬೀದಿಗೆಲ್ಲ ಹಂಚಿಹೋಗುತ್ತದೆ, ನಿಮ್ಮ ರೂಮಿಗೆ ಅಷ್ಟೂ ಬರುವುದಿಲ್ಲ ಬಿಡಿ.

ಈಗ ಏನು ಮಾಡಬಹುದು ಅನ್ನುವುದಕ್ಕೆ ಬರೋಣ.

1,500 ಅಡಿ ಹೊಡೆಸುವುದು. ನನ್ನ ಕೆಲಸದಲ್ಲಿ ನೋಡಿದ ಬಹಳಷ್ಟು ಒಣ ಬೋರ್‌ಗಳು ಈ ಆಸೆಯಿಂದಲೇ ಹುಟ್ಟಿದ್ದು. ಬರಿ ಧೂಳು ಬರುತ್ತಿರುತ್ತದೆ, ರಿಗ್‌ನವರು 'ಇನ್ನೊಂದು ನೂರು ಅಡಿ ನೋಡೋಣ ಸಾರ್' ಅನ್ನುತ್ತಿರುತ್ತಾರೆ, ಮನೆಯವರಿಗೆ ನಿಲ್ಲಿಸಲು ಧೈರ್ಯ ಬರುವುದಿಲ್ಲ. ಅಡಿ ಲೆಕ್ಕದಲ್ಲಿ ದುಡ್ಡು, ಆಳಕ್ಕೆ ಹೋದಂತೆ ರೇಟೂ ಜಾಸ್ತಿ. ಹೈದರಾಬಾದ್ ಹತ್ತಿರದ ಮಹೇಶ್ವರಂನಲ್ಲಿ ಎನ್‌ಜಿಆರ್‌ಐ (ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ಫ್ರೆಂಚರ ಜೊತೆ ಸೇರಿ ನಮ್ಮಂಥದೇ ಗಟ್ಟಿ ಬಂಡೆಯನ್ನು ವರ್ಷಗಟ್ಟಲೆ ಅಳೆದರು. ನೀರು ಹರಿಯುವ ಬಿರುಕುಗಳಲ್ಲಿ ಹೆಚ್ಚಿನವು ಗರಸಿನ ಕೆಳಗಿನ ಕೆಲವು ಹತ್ತು ಮೀಟರ್‌ಗಳಲ್ಲೇ ಇದ್ದವು. ಆಳದಲ್ಲಿ ಸಿಗುವುದೇ ಇಲ್ಲ ಅಂತಲ್ಲ. ಸಿಕ್ಕರೂ ಅದು ಹಳೆಯ ದಾಸ್ತಾನು, ತುಂಬುವವರಿಲ್ಲದೆ ಒಂದೆರಡು ವರ್ಷದಲ್ಲಿ ಮುಗಿಯಬಹುದು, ಫ್ಲೋರೈಡ್ ಅಪಾಯವೂ ಜಾಸ್ತಿ. ಜೊತೆಗೆ ಜಲಮಂಡಳಿಯ ಅನುಮತಿ ಬೇಕು. ತೆಂಗಿನಕಾಯಿ ಪಾಯಿಂಟ್ ಬಗ್ಗೆ ಇಷ್ಟೇ ಹೇಳುತ್ತೇನೆ: ಕಡ್ಡಿ, ಕಾಯಿ ಹಿಡಿದು ನೀರು ಹುಡುಕುವವರನ್ನು ಶಿಸ್ತಾಗಿ ಪರೀಕ್ಷೆಗೆ ಒಡ್ಡಿದಾಗ ಫಲಿತಾಂಶ ಕುರುಡು ಅಂದಾಜಿಗಿಂತ ಮೇಲೆ ಹೋಗಿಲ್ಲ. ನೆಲಕ್ಕೆ ವಿದ್ಯುತ್ ಹಾಯಿಸಿ ನೀರು ಹುಡುಕುವ ನಮ್ಮ ರೆಸಿಸ್ಟಿವಿಟಿ ಸರ್ವೆಯೂ ನಗರದ ಕೇಬಲ್ಲು, ಕಾಂಕ್ರೀಟ್ ನಡುವೆ ಅಷ್ಟೇನೂ ನಂಬುವಂತಿಲ್ಲ, ಅದನ್ನೂ ಮುಚ್ಚಿಡುವುದಿಲ್ಲ.

ಇರುವ ಬೋರ್ ಉಳಿಸಿಕೊಳ್ಳುವುದು. ಕ್ಯಾಮೆರಾ ಇಳಿಸಿ ನೋಡಿಸಿ, ಹೂಳು ತುಂಬಿದ್ದರೆ ಫ್ಲಶಿಂಗ್ ಮಾಡಿಸಬಹುದು. ಅರ್ಧ ಗಂಟೆ ಓಡಿಸಿ ಮೂರ್ನಾಲ್ಕು ಗಂಟೆ ಬಿಡುವು ಕೊಡಿ, ದಿನಕ್ಕೆ ಎರಡು ಮೂರು ಸಲ. ಒಟ್ಟು ನೀರು ಈಗಿನದಕ್ಕಿಂತ ಜಾಸ್ತಿ ಸಿಗಬಹುದು. ಸಬ್‌ಮರ್ಸಿಬಲ್ ಮೋಟರ್ ತಣ್ಣಗಾಗುವುದೇ ಸುತ್ತ ಹರಿಯುವ ನೀರಿನಿಂದ. ಗಾಳಿ ಉಗುಳುವಾಗಲೂ ಓಡಿಸಿದರೆ ಸುಟ್ಟುಹೋಗುತ್ತದೆ. ನೀರಿಲ್ಲದಾಗ ಪಂಪನ್ನು ತಾನೇ ನಿಲ್ಲಿಸುವ ಡ್ರೈ ರನ್ ಪ್ರಿವೆಂಟರ್ ಹಾಕಿಸಿ.

ಹಳೆಯ 280 ಅಡಿಯ ಬೋರ್ ಮುಚ್ಚಿಬಿಡಬೇಡಿ, ಆದರೆ ಗಟ್ಟಿ ಕ್ಯಾಪ್ ಹಾಕಿ ಬೋಲ್ಟ್ ಬಿಗಿದಿಡಿ, ಮಕ್ಕಳ ವಿಷಯ. ತಿಂಗಳಿಗೊಮ್ಮೆ ಕ್ಯಾಪ್ ತೆಗೆದು, ಗಂಟು ಗುರುತು ಹಾಕಿದ ನೈಲಾನ್ ದಾರಕ್ಕೆ ಚಿಕ್ಕ ಕಬ್ಬಿಣದ ನಟ್ ಕಟ್ಟಿ ಇಳಿಸಿ. ಮೇಲೆಳೆದಾಗ ದಾರ ಎಲ್ಲಿಂದ ಒದ್ದೆಯೋ ಅಲ್ಲಿಗೆ ನೀರಿನ ಮಟ್ಟ. ಬರೆದಿಡಿ. ಇಂಗುಬಾವಿ ಮಾಡಿದ ಮೇಲೆ ಇದೇ ನಿಮಗೆ ಲೆಕ್ಕ ಹೇಳುವುದು.

ಇಂಗುಬಾವಿ ಮತ್ತು ಅಂಗಳ. ನನ್ನ ಮತ ಇದಕ್ಕೆ. ನಿಮ್ಮ 2,400 ಚದರಡಿ ಸೈಟಿಗೆ ಮಳೆ ನೀರು ಕೊಯ್ಲು 2009ರಿಂದಲೇ ಕಡ್ಡಾಯ, ಇದ್ದರೆ ಪೈಪು ಎಲ್ಲಿಗೆ ಹೋಗಿದೆ ಅಂತ ಒಮ್ಮೆ ನೋಡಿ. ಎಷ್ಟೋ ಮನೆಯಲ್ಲಿ ಅದು ಸೀದಾ ಚರಂಡಿಗೇ ಇರುತ್ತದೆ. 1,200 ಚದರಡಿ ಚಾವಣಿಯಿಂದ ವರ್ಷಕ್ಕೆ ಸುಮಾರು 90 ಸಾವಿರ ಲೀಟರ್ ಹಿಡಿಯಬಹುದು, 12 ಸಾವಿರ ಲೀಟರ್‌ನ ಏಳೆಂಟು ಟ್ಯಾಂಕರ್. ಮೊದಲು ಫಿಲ್ಟರ್ ಮಾಡಿ ಸಂಪಿನ ಒಳಗೆ ಬಿಡಿ, ಸಂಪು ತುಂಬಿ ಹೊರಚೆಲ್ಲಿದ್ದು ಇಂಗುಬಾವಿಗೆ ಹೋಗಲಿ. ಮೂರು ಅಡಿ ಅಗಲ, 20 ಅಡಿ ಆಳ, ಸಿಮೆಂಟ್ ರಿಂಗು, ತಳಕ್ಕೆ ಕಾಂಕ್ರೀಟ್ ಬೇಡ. ಸುಮಾರು 4,000 ಲೀಟರ್ ಹಿಡಿಯುತ್ತದೆ. ಜೋರು ಮಳೆ 50 ಮಿಲಿಮೀಟರ್ ಬಿದ್ದರೆ ಚಾವಣಿಯಿಂದ ಬರುವುದು 4,700 ಲೀಟರ್. ಸಂಪಿನಲ್ಲಿ ಉಳಿಯುವುದನ್ನು ಕಳೆದರೆ ಬಾವಿ ಸಾಕಾಗುತ್ತದೆ. ಇಲ್ಲಿ ತಲೆಮಾರುಗಳಿಂದ ಬಾವಿ ತೋಡುತ್ತಾ ಬಂದ ಮಣ್ಣು ವಡ್ಡರ ಕುಟುಂಬಗಳಿವೆ, ಅಂಥವರನ್ನೇ ಕರೆಸಿ. ಗುದ್ದಲಿ ಬಿದ್ದ ಸದ್ದಿನಲ್ಲೇ ಗರಸು ಬಂತಾ ಇಲ್ವಾ ಅಂತ ಹೇಳುತ್ತಾರೆ. ಕೆಂಪು ಜೇಡಿಯಲ್ಲೇ ನಿಲ್ಲಿಸಿದರೆ ನೀರು ಇಂಗುವುದಿಲ್ಲ, ಗರಸಿಗೆ ಇಳಿಯಬೇಕು.

ಇದರಲ್ಲೂ ಅಪಾಯ ಇದೆ. ಪಾಯದಿಂದ ಕನಿಷ್ಠ ಹತ್ತಡಿ ದೂರ ಇರಲಿ. ಒಳಚರಂಡಿ ಚೇಂಬರ್, ಹಳೆಯ ಸೆಪ್ಟಿಕ್ ಟ್ಯಾಂಕ್ ಹತ್ತಿರ ಬೇಡವೇ ಬೇಡ. ಹೊಂಗೆಯ ಹರವಿನಿಂದ ಆಚೆ ತೋಡಿಸಿ, ಇಲ್ಲದಿದ್ದರೆ ಉಳಿದ ಬೇರನ್ನೂ ಕತ್ತರಿಸಿದಂತೆ. ಕಾರು ತೊಳೆದ ನೀರು ಅದಕ್ಕೆ ಹೋಗಬಾರದು. ಚಾವಣಿ ನೀರನ್ನು ಸೀದಾ ಬೋರ್‌ವೆಲ್ ಒಳಗೆ ಬಿಡಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ಪಾರಿವಾಳದ ಹಿಕ್ಕೆ ಸಮೇತ ಅದು ಬಿರುಕಿಗೆ ಸೇರುತ್ತದೆ. ಇನ್ನೊಂದು, ನೀವು ಇಂಗಿಸಿದ ನೀರು ನಿಮ್ಮ 1,150 ಅಡಿಯ ಬೋರ್‌ಗೇ ಬರುತ್ತದೆ ಅಂತ ಭರವಸೆ ಕೊಡಲಾರೆ. ಅದು ಮೇಲಿನ ಪದರಕ್ಕೆ ಸೇರಿ ಬೀದಿಯವರಿಗೆಲ್ಲ ಹಂಚಿಹೋಗುತ್ತದೆ. ಆ ಪದರ ತುಂಬಬಲ್ಲದು ಅನ್ನುವುದಕ್ಕೆ ಸಾಕ್ಷಿ ನಗರದಲ್ಲೇ ಇದೆ: ಐಐಎಸ್‌ಸಿ ವಿಜ್ಞಾನಿಗಳು ಬೋರ್‌ಗಳ ಮಟ್ಟ ಅಳೆದಾಗ ಹೊರವಲಯದಲ್ಲಿ ನೀರು ಪಾತಾಳದಲ್ಲಿದ್ದರೆ ನಗರದ ಹಳೆಯ ಭಾಗದಲ್ಲಿ ಮೇಲಿತ್ತು. ಅಲ್ಲಿ ಬೋರ್ ಬಳಕೆ ಕಡಿಮೆ, ಕೊಳಾಯಿ ಪೈಪುಗಳ ಸೋರಿಕೆ ಜಾಸ್ತಿ. ಸೋರಿದ ನೀರೇ ಅಷ್ಟು ತುಂಬಿಸಬಹುದಾದರೆ ಬೀದಿಯ ನಾಲ್ಕು ಮನೆ ಸೇರಿ ಮಳೆ ನೀರು ಇಳಿಸಿದರೆ ನಿಮ್ಮ ಹಳೆಯ 280 ಅಡಿಯ ಬೋರ್‌ಗೆ ಮತ್ತೆ ಸ್ವಲ್ಪ ನೀರು ಕಾಣಬಹುದು.

ಮರದ ಸುತ್ತ ಕಾಂಡದಿಂದ ಐದಾರು ಅಡಿವರೆಗೆ ಕಾಂಕ್ರೀಟ್ ಒಡೆಸಿ. ಬ್ರೇಕರ್ ಮಷಿನ್ ಮೇಲಿನ ಪದರಕ್ಕೆ ಸಾಕು, ಬೇರು ಕಂಡ ಮೇಲೆ ಕೈಯಲ್ಲಿ ತೆಗೆಸಿ. ಕಾರು ನಿಲ್ಲುವ ಕಡೆ ಸಂದು ಇರುವ ಕಲ್ಲು ಹಾಸಬಹುದು, ಕೆಳಗೆ ಜಲ್ಲಿ, ಸಿಮೆಂಟ್ ಬೇಡ. ಉದುರಿದ ಹೊಂಗೆ ಎಲೆಯನ್ನೇ ಮೂರು ನಾಲ್ಕು ಇಂಚು ಹರಡಿ, ಕಾಂಡಕ್ಕೆ ತಾಗದಂತೆ. ವಾರಕ್ಕೊಮ್ಮೆ ನಿಧಾನವಾಗಿ 150–200 ಲೀಟರ್ ಕೊಡಿ, ದಿನಾ ಒಂದು ಬಕೆಟ್ ಸುರಿಯುವುದರಿಂದ ಪ್ರಯೋಜನ ಇಲ್ಲ. ಗೊಬ್ಬರ ಈಗ ಬೇಡ. ಸತ್ತ ತುದಿ ಮಾತ್ರ ಕತ್ತರಿಸಿ, ಹಸಿರು ಕೊಂಬೆ ಮುಟ್ಟಬೇಡಿ. ಒಣಗಿದ ತುದಿ ಮತ್ತೆ ಚಿಗುರುವುದಿಲ್ಲ, ಅದರ ಹಿಂದಿನಿಂದ ಹೊಸ ಕೊಂಬೆ ಬರುತ್ತದೆ. ಅದಕ್ಕೆ ಎರಡು ಮಳೆಗಾಲವಾದರೂ ಬೇಕು. ಮೇ ಮಳೆಗೆ ಮುಂಚೆ ಈ ಕೆಲಸ ಮುಗಿದರೆ ಸೆಪ್ಟೆಂಬರ್–ಅಕ್ಟೋಬರ್ ಮಳೆಯೂ ದಕ್ಕುತ್ತದೆ. ಇಷ್ಟರ ಮೇಲೂ ಮರ ಸತ್ತು ವಾಲಿದರೆ ಮಾತ್ರ ತೆಗೆಸುವ ಮಾತು. ಆಗಲೂ ಸ್ವಂತ ಜಾಗದ ಹೊಂಗೆಗೆ 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಟ್ರೀ ಆಫೀಸರ್ ಅನುಮತಿ ಬೇಕು. ಪಾಯಿಂಟ್ ನೋಡುವವರು ಇದನ್ನು ಹೇಳಿರಲಾರರು.

ಆರ್‌ಒ ನೀರು: ಆಳದ ಬೋರ್ ನೀರಿನ ಲವಣವೆಲ್ಲ ಆ ವೇಸ್ಟ್ ನೀರಿನಲ್ಲಿ ದಟ್ಟವಾಗಿ ಸೇರಿರುತ್ತದೆ. ಬಳಲಿದ ಬೇರಿಗೆ ಅದನ್ನು ದಿನಾ ಕೊಡಬೇಡಿ, ನೆಲ ಒರೆಸಲು, ಟಾಯ್ಲೆಟ್‌ಗೆ ಬಳಸಿ. ಎಸಿಯಿಂದ ತೊಟ್ಟಿಕ್ಕುವ ನೀರು, ಅಕ್ಕಿ ತರಕಾರಿ ತೊಳೆದ ನೀರು ಧಾರಾಳವಾಗಿ ಹಾಕಬಹುದು. ವಾಷಿಂಗ್ ಮಷಿನ್‌ನಲ್ಲಿ ಸೋಪಿನ ನೀರು ಹೋದ ಮೇಲಿನ ಕೊನೆಯ ಜಾಲಿನ ನೀರು ವಾರಕ್ಕೊಮ್ಮೆ ಆದರೆ ತೊಂದರೆ ಇಲ್ಲ.